ಫ್ರೀ ಅಂದ್ರೆ ಮರ್ಯಾದೆ ಬೇಡ್ವಾ?

ನಿನ್ನೆ ಸಂಜೆ ನಮ್ಮ ಬಡಾವಣೆಯ ರಾಮನವಮಿ ಪೆಂಡಾಲಿನಲ್ಲಿ ಫ್ರೀ ಸಂಗೀತ ಕಚೇರಿ. ವಯಲಿನ್‌ನವರು ತೋಡಿ ರಾಗದ ಆಲಾಪನೆಯನ್ನು ಮೆಲ್ಲಗೆ ಬಿಡಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಒಬ್ಬರ ಫೋನ್ ಹೊಡೆದುಕೊಂಡಿತು. ಅವರು ಎದ್ದು ಹೋಗಲಿಲ್ಲ. ಸ್ಪೀಕರ್ ಹಾಕಿಕೊಂಡು, 'ಹೇಳು, ಏನೂ ಕೆಲಸ ಇಲ್ಲ, ಸುಮ್ನೆ ಹಾಡು ಕೇಳ್ತಾ ಇದ್ದೀನಿ' ಅಂತ ಸೈಟಿನ ರೇಟು ಮಾತಾಡಿದರು. ಪೂರ್ತಿ ಐದು ನಿಮಿಷ! ನನಗೆ ಅಳು ಬರುವುದೊಂದು ಬಾಕಿ.

ಆರು ವರ್ಷ ನ್ಯೂಯಾರ್ಕಿನಲ್ಲಿದ್ದೆ. ಅಲ್ಲಿ ಸೆಂಟ್ರಲ್ ಪಾರ್ಕಿನೊಳಗೆ 1962ರಲ್ಲಿ ಶುರುವಾದ ಡೆಲಕಾರ್ಟ್ ಬಯಲು ರಂಗಮಂದಿರವಿದೆ. ಬೇಸಿಗೆಯಲ್ಲಿ ನಾಟಕ, ಟಿಕೆಟ್ ಫ್ರೀ. ಅದಕ್ಕೆ ಬೆಳಗ್ಗೆಯೇ ಚಾಪೆ ಹಾಸಿ ಕ್ಯೂನಲ್ಲಿ ಕೂತಿದ್ದೇನೆ. ನಾಟಕ ಶುರುವಾದರೆ ಪಿಸುಮಾತೂ ಇಲ್ಲ. ಅಲ್ಲಿ ಕೂತು ನಾನು ನೆನೆಸಿಕೊಳ್ಳುತ್ತಿದ್ದದ್ದು ನಮ್ಮ ಬೆಂಗಳೂರಿನ ಪೆಂಡಾಲನ್ನೇ. ಪಾನಕ, ಕೋಸಂಬರಿ, ಮೃದಂಗದ ನಾದ.

ಇಲ್ಲಿ ನೋಡಿದರೆ? ಒಂದು ಕರ್ಚೀಫಿಗೆ ನಾಲ್ಕು ಕುರ್ಚಿ. ಕಣ್ಣಿಗೆ ಅಡ್ಡ ಎತ್ತಿ ಹಿಡಿದ ಮೊಬೈಲು. ತಾಳವಾದ್ಯಕ್ಕೇ ಮೀಸಲಾದ ತನಿ ಆವರ್ತನ ಶುರುವಾದದ್ದೇ ತಡ, ಅರ್ಧ ಪೆಂಡಾಲು ಖಾಲಿ! ಮೃದಂಗದವರು ಆ ಹತ್ತು ನಿಮಿಷಕ್ಕಾಗಿ ಎರಡು ಗಂಟೆ ಕಾದಿರುತ್ತಾರೆ. ಅವರೆದುರೇ ಕುರ್ಚಿಯನ್ನು ಕರ್ರ್ ಅಂತ ಎಳೆದು ಎದ್ದು ಹೋಗ್ತೀರಲ್ಲ, ಮನಸ್ಸಾದರೂ ಹೇಗೆ ಬರುತ್ತೆ? ನಿನ್ನೆ ನುಡಿಸಿದವನು ಇನ್ನೂ ಚಿಕ್ಕ ಹುಡುಗ. ತಲೆ ಎತ್ತಿ ಖಾಲಿ ಸಾಲುಗಳನ್ನು ಒಮ್ಮೆ ನೋಡಿದ. ಮತ್ತೆ ತಲೆ ತಗ್ಗಿಸಿ ನುಡಿಸಿದ.

ಕೇಳಿದರೆ 'ಫ್ರೀ ಅಲ್ವಾ, ಬಿಡಿ' ಅಂತಾರೆ. ಅವನು ಬೆರಳು ಸವೆಸಿ ಕಲಿತದ್ದೂ ಪುಕ್ಕಟೆಯಾ?