ಲಾಭ, ಎರಡು, ಮೂರು

ಹದಿನೇಳೋ ಹದಿನೆಂಟೋ ಎಂಬುದು ಮೂರು ವಾರಗಳಿಂದ ನನ್ನ ತಲೆ ತಿನ್ನುತ್ತಿದೆ. 31 ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು ಇಪ್ಪತ್ತರೊಳಗಿನ ಎಣಿಕೆಯಲ್ಲಿ ಸೋತ ಎಂಬ ಸುದ್ದಿ ಕೊಪ್ಪಳದಲ್ಲಿ ಹೇಗೂ ಹಬ್ಬುತ್ತದೆ. ಬೇರೆಯವರು ಉಪ್ಪುಖಾರ ಹಚ್ಚುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. 

ನನ್ನ ಬಳಿ 2003ರ ಮಾರುತಿ ಓಮ್ನಿ ಇದೆ. ಇದು 1984ರಲ್ಲಿ ಬಂದಾಗ ಬರೀ ಮಾರುತಿ ವ್ಯಾನ್ ಆಗಿತ್ತು, 1988ರಲ್ಲಿ ಓಮ್ನಿ ಆಯಿತು, 2019ರಲ್ಲಿ ತಯಾರಿಕೆಯೇ ನಿಂತಿತು. ನಮ್ಮ ಓಣಿಯಲ್ಲಿ ಮಾತ್ರ ಅದಕ್ಕೆ ಇಂದಿಗೂ ಮಾರುತಿ ವ್ಯಾನ್ ಎಂದೇ ಹೆಸರು. ಹನುಮಂತ ಹುಟ್ಟಿದ ಬೆಟ್ಟವೆಂದು ನಂಬುವ ಅಂಜನಾದ್ರಿ ಇರುವುದು ನಮ್ಮ ಜಿಲ್ಲೆಯಲ್ಲಿಯೇ. ಆ ಮಾರುತಿ ಸಮುದ್ರ ಹಾರಿದ. ನನ್ನ ಮಾರುತಿಗೆ ಒಂದು ಹಂಪ್ ದಾಟಲು ಎರಡನೆಯ ಗೇರ್ ಬೇಕು, ದಾಟಿದ ಮೇಲೆ ‘ಟಕ್’ ಎಂದು ನರಳಬೇಕು.

ಆ ‘ಟಕ್’ ಎಡಗಡೆಯ ಮುಂದಿನ ಗಾಲಿಯದು. ಈ ವ್ಯಾನಿನಲ್ಲಿ ಇಂಜಿನ್ ಸೀಟಿನ ಕೆಳಗೆ, ಓಡಿಸುವವನು ಮುಂದಿನ ಗಾಲಿಗಳ ನೆತ್ತಿಯ ಮೇಲೆ. ಬೇರೆ ಕಾರುಗಳಲ್ಲಿ ಸದ್ದು ಎಲ್ಲೋ ಮುಂದಿನಿಂದ ಕೇಳಿಬರುತ್ತದೆ. ಇದರಲ್ಲಿ ಅಂಗಾಲಿನಿಂದ ಏರಿ ಹಲ್ಲಿನವರೆಗೆ ಬರುತ್ತದೆ. ಹಂಪ್ ಎಂದರೆ ಹೇಗಿರಬೇಕು ಎಂಬುದಕ್ಕೂ ಈ ದೇಶದಲ್ಲಿ ಲೆಕ್ಕವಿದೆ: ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ನೋವಿಲ್ಲದೆ ದಾಟುವಂತೆ. ಕುಕನೂರಿನ ದಾರಿಯಲ್ಲಿ ನಾನು ಕಾಣುವ ಹಂಪ್‌ಗಳನ್ನು ಯಾರು ಅಳೆದರೋ ತಿಳಿಯದು. ರಾತ್ರಿ ಯಾರೋ ಕೋಪದಲ್ಲಿ ಕಟ್ಟಿಹೋದಂತಿವೆ. ಬಿಳಿಬಣ್ಣವೂ ಇಲ್ಲ, ಮುಂಚೆ ಹೇಳುವ ಫಲಕವೂ ಇಲ್ಲ. ತಲೆ ಚಾವಣಿಗೆ ಬಡಿದಾಗಲೇ ಅಲ್ಲೊಂದು ಊರಿದೆ ಎಂದು ತಿಳಿಯುವುದು. (ಹಂಪಿಯನ್ನೂ ಹಂಪನ್ನೂ ಸೇರಿಸಿ ಹೇಳುವ ಹಳೆಯ ಜೋಕು ನಿಮಗೆ ಗೊತ್ತಿರುತ್ತದೆ. ನಾನು ಹೇಳುವುದಿಲ್ಲ.)

ಸದ್ದಿಗಿಂತ ಹೆಚ್ಚು ಕಾಡಿದ್ದು ಸದ್ದಿಗೆ ಮದ್ದು ಹೇಳುವವರು. ವ್ಯಾನಿನಲ್ಲಿ ಕಾಲಿಟ್ಟವರೆಲ್ಲ ತಜ್ಞರು. ಬೀಗರು ಶಾಕ್ ಅಬ್ಸಾರ್ಬರ್ ಎಂದರು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ತರರು ಬುಷ್ ಎಂದರು. ಒಂದು ಮದುವೆಗೆ ಜೊತೆಯಲ್ಲಿ ಬಂದ ಪುರೋಹಿತರು ಕಣ್ಣು ಮುಚ್ಚಿ ಮೂರು ಹಂಪ್ ಕೇಳಿಸಿಕೊಂಡು, ದಕ್ಷಿಣೆ ಕೇಳುವ ಧ್ವನಿಯಲ್ಲಿ ‘ಲೋವರ್ ಆರ್ಮ್’ ಎಂದರು. ಕೊನೆಗೆ ಗ್ಯಾರೇಜಿಗೆ ಒಯ್ದೆ. ಅಲ್ಲಿದ್ದ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಗಾಲಿ ಎತ್ತಿ, ಗಡಿಯಾರದಲ್ಲಿ ಒಂಬತ್ತು ಮತ್ತು ಮೂರು ಇರುವ ಕಡೆ ಎರಡೂ ಕೈ ಇಟ್ಟು ಅಲುಗಿಸಿದ. ಕಟಕಟ ಎಂದಿತು. ಹನ್ನೆರಡು ಮತ್ತು ಆರರ ಕಡೆ ಹಿಡಿದು ಅಲುಗಿಸಿದ. ಗಪ್‌ಚಿಪ್.

“ಬಾಲ್ ಜಾಯಿಂಟ್ ಚೆನ್ನಾಗಿದೆ ಸರ್. ಟೈ ರಾಡ್ ಎಂಡ್ ಹೋಗಿದೆ,” ಎಂದವನು ಅಲ್ಲಿಗೇ ನಿಲ್ಲಿಸಬಹುದಿತ್ತು. “ಆದರೆ ಇನ್ನೂ ಎಷ್ಟು ದಿನ ಇದಕ್ಕೆ ದುಡ್ಡು ಹಾಕುತ್ತೀರಿ? ಗುಜರಿಗೆ ಕೊಟ್ಟುಬಿಡಿ ಸರ್,” ಎಂದ.

ನಿವೃತ್ತಿಯಾದವನ ಎದುರು ಆಡುವ ಮಾತೇ ಅದು? ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗಿನ ಮಾತನ್ನು ಗಾಲಿಗೆ ಮುಟ್ಟಿಸುವ ಸರಳಿನ ತುದಿಯ ಕೀಲು, ಕೊಂಡುಕೊಂಡು ಮನೆಗೆ ಬಂದೆ. ನಾನೇ ಹಾಕುತ್ತೇನೆ ಎಂದು ಹೆಂಡತಿಗೆ ಹೇಳಿದೆ. ಅವಳು ಪುಂಡಿಪಲ್ಯ ಸೋಸುತ್ತಿದ್ದವಳು ತಲೆ ಎತ್ತದೆ, “ಬಿಸಿಲು ಏರುವುದರೊಳಗೆ ಮುಗಿಸಿರಿ,” ಎಂದಳು.

ಬಿಸಿಲು ಏರುವುದರೊಳಗೆ ಮುಗಿದದ್ದು ಸ್ಪ್ಲಿಟ್ ಪಿನ್ ತೆಗೆಯುವುದು ಮಾತ್ರ. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಹಾಕಿ, ಬಿಚ್ಚಿದ ಗಾಲಿಯನ್ನು ಜಾಕ್ ಜಾರಿದರೂ ಇರಲಿ ಎಂದು ವ್ಯಾನಿನ ಹೊಟ್ಟೆಯಡಿ ಮಲಗಿಸಿ, ಇಪ್ಪತ್ತು ವರ್ಷದ ತುಕ್ಕಿಗೆ ಸೀಮೆಎಣ್ಣೆ ಕುಡಿಸಿದೆ. ಆ ಪಿನ್ ಎರಡು ಕಾಲು ಮಡಚಿಕೊಂಡು ನಟ್ಟಿನ ಹಲ್ಲುಗಳ ನಡುವೆ ಹುಳುವಿನಂತೆ ಒಣಗಿತ್ತು. ಎಳೆದರೆ ಒಂದು ಕಾಲು ಮುರಿದು ಕೈಗೆ ಬಂತು, ಇನ್ನೊಂದು ಒಳಗೇ ಉಳಿಯಿತು. ಮೊಳೆಯಿಂದ ಅದನ್ನು ಹೊರದಬ್ಬಲು ಮುಕ್ಕಾಲು ಗಂಟೆ. ಮುಂದೆ ನಟ್ಟು ಬಂತು, ಆದರೆ ಎಂಡಿನ ಗೂಟ ತನ್ನನ್ನು ಗಾಲಿಗೆ ಕೂಡಿಸುವ ತೋಳನ್ನು ಬಿಡಲಿಲ್ಲ. ನಾನು ಗೂಟದ ತುದಿಗೇ ಸುತ್ತಿಗೆಯಿಂದ ಹೊಡೆದೆ. ಸುತ್ತಿಗೆ ಜಿಗಿದು ಬಂತು, ಗೂಟ ಕದಲಲಿಲ್ಲ. ಹೊಡೆಯಬೇಕಾದದ್ದು ಗೂಟಕ್ಕಲ್ಲ, ಅದನ್ನು ಕಚ್ಚಿಕೊಂಡಿರುವ ತೋಳಿನ ಪಕ್ಕೆಗೆ ಎಂದು ಆಮೇಲೆ ನೆನಪಾಯಿತು. ನಟ್ಟನ್ನು ತುದಿಗೆ ಮೂರು ಸುತ್ತು ಕೂರಿಸಿ, ಪಕ್ಕೆಯ ಹಿಂದೆ ಇನ್ನೊಂದು ಸುತ್ತಿಗೆ ಆನಿಸಿ, ಈಚೆಯಿಂದ ಎರಡು ಏಟು. ‘ಟಣ್’. ಜಾರಿ ಬಿತ್ತು. ಆ ‘ಟಣ್’ ಕೇಳಲೆಂದೇ ಮನುಷ್ಯ ಇಂಥ ಕೆಲಸಕ್ಕೆ ಕೈ ಹಾಕಬಹುದು.

ಈಗ ಎಣಿಕೆ. ಹಳೆಯ ಎಂಡನ್ನು ರಾಡಿನಿಂದ ತಿರುಗಿಸಿ ಬಿಚ್ಚುವಾಗ ಎಷ್ಟು ಸುತ್ತು ಎಂದು ಎಣಿಸಬೇಕು. ಹೊಸದನ್ನು ಅಷ್ಟೇ ಸುತ್ತು ಹಾಕಬೇಕು. ಇಲ್ಲದಿದ್ದರೆ ಒಂದು ಗಾಲಿ ಗದಗಿಗೆ, ಇನ್ನೊಂದು ಗಂಗಾವತಿಗೆ. ಸುತ್ತು ಎಣಿಸುವುದು ನನಗೊಂದು ಕೆಲಸವೇ? ಆದರೂ ಮುನ್ನೆಚ್ಚರಿಕೆಯಾಗಿ, ಮುಗಿಯುವವರೆಗೆ ಈ ಮನೆಯಲ್ಲಿ ಯಾರೂ ತುಟಿ ಬಿಚ್ಚಕೂಡದು ಎಂದು ಕಟ್ಟಪ್ಪಣೆ ಮಾಡಿದೆ. ಮನೆಯಲ್ಲಿ ಇದ್ದವಳು ಅವಳೊಬ್ಬಳೇ.

ಎಣಿಕೆ ಎಂದ ಕೂಡಲೇ ನನಗೆ ನೆನಪಾಗುವುದು ನಮ್ಮ ಕಾಕಾ. ಕುಕನೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಯಾರ ಕಣದಲ್ಲಿ ಜೋಳದ ರಾಶಿಯಾದರೂ ಅಳೆಯಲು ಅವನೇ ಬೇಕು. ಚಪ್ಪಲಿ ಆಚೆ ಬಿಟ್ಟು, ರಾಶಿಗೆ ಕೈ ಮುಗಿದು, ಮೊದಲ ಸೇರಿಗೆ ‘ಲಾಭ’ ಎನ್ನುತ್ತಿದ್ದ. ಕಾಳು ಅಳೆಯುವವರು ಒಂದು ಎನ್ನುವುದಿಲ್ಲ. ಲಾಭ, ಎರಡು, ಮೂರು. ಅಳೆದ ಸೇರನ್ನು ಚೀಲಕ್ಕೆ ಸುರಿದು ಮುಂದಿನದನ್ನು ತುಂಬುವವರೆಗೂ ಅದೇ ಅಂಕಿಯನ್ನು ರಾಗವಾಗಿ ಜಗಿಯುತ್ತಿದ್ದ: ‘ಲಾಭವೇ ಲಾಭ, ಲಾಭವೇ ಲಾಭ… ಎರಡೇ ಎರಡು, ಎರಡೇ ಎರಡು…’ ಬಾಯಲ್ಲಿ ಅಂಕಿ ಇರುವಾಗ ತಪ್ಪಿಹೋಗಲು ಜಾಗವೆಲ್ಲಿ? ಅವನ ಲೆಕ್ಕ ತಪ್ಪಿಸುವುದು ಹಳ್ಳಿಯ ಹುಡುಗರಿಗೆ ಒಂದು ಆಟವಾಗಿತ್ತು. ‘ಕಾಕಾ, ನಿಮ್ಮ ಮನೆಯಲ್ಲಿ ಎಮ್ಮೆ ಎಷ್ಟು?’ ಎಂದು ಕೇಳಿದರೆ ‘ಇಪ್ಪತ್ತಾರೇ ಇಪ್ಪತ್ತಾರು’ ಎನ್ನುತ್ತಿದ್ದ. ‘ನಿನ್ನ ವಯಸ್ಸೆಷ್ಟು?’ ‘ಇಪ್ಪತ್ತಾರೇ ಇಪ್ಪತ್ತಾರು.’ ಆಗ ಅವನಿಗೆ ಐವತ್ತರ ಹತ್ತಿರ.

ಅವನ ಮೊದಲ ಮಗ ಹುಟ್ಟಿದ್ದು ಇದಕ್ಕೂ ಹಿಂದಿನ ಮಾತು. ನಮ್ಮಲ್ಲಿ ಇದನ್ನು ಹೇಳದೆ ಯಾವ ಮದುವೆಯೂ ಮುಗಿಯುವುದಿಲ್ಲ. ಕಾಕಾ ಗೌಡರ ಕಣದಲ್ಲಿದ್ದ. ಕಾಕಿಗೆ ನೋವು ಶುರುವಾಗಿ, ಕತ್ತಲಾಗುವುದರೊಳಗೆ ಗಂಡು ಕೂಸಾಯಿತು. ಸುದ್ದಿ ಹೇಳಲು ಒಬ್ಬ ಹುಡುಗನನ್ನು ಓಡಿಸಿದರು. ಹುಡುಗ ಏದುಸಿರು ಬಿಡುತ್ತಾ, “ಕಾಕಾ, ಗಂಡು!” ಎಂದ. ಕಾಕಾ ಅವನ ಮುಖ ನೋಡಿ, “ನಲವತ್ತೊಂದೇ ನಲವತ್ತೊಂದು,” ಎಂದ. ಹುಡುಗ ಇನ್ನೊಮ್ಮೆ ಹೇಳಿದ. ಕಾಕಾ ಇನ್ನೊಮ್ಮೆ ಅದನ್ನೇ ಹೇಳಿದ, ಈ ಸಲ ಕಣ್ಣಲ್ಲಿ ನೀರು. ಹುಡುಗ ಹಿಂದಕ್ಕೆ ಓಡಿದ. ಅಜ್ಜಿ ಬಾಗಿಲಲ್ಲಿ ನಿಂತು, “ಏನೆಂದನಪ್ಪಾ?” ಎಂದಳು. “ನಲವತ್ತೊಂದು ಎಂದ.” ಅಜ್ಜಿ ಅರ್ಥವೇನೆಂದು ತುಂಬ ಹೊತ್ತು ಯೋಚಿಸಿ, ಹರಕೆ ಇರಬೇಕೆಂದು ತೀರ್ಮಾನಿಸಿ, ಮರುದಿನವೇ ಹನುಮಪ್ಪನ ಗುಡಿಗೆ ನಲವತ್ತೊಂದು ತೆಂಗಿನಕಾಯಿ ಒಡೆಸಿದಳು. ರಾಶಿ ಮುಗಿಸಿ ಮನೆಗೆ ಬಂದ ಕಾಕಾ ಕಾಯಿಯ ರಾಶಿ ಕಂಡು ಬೆರಗಾದ. ತಾನೇ ಕೇಳಿಕೊಂಡ ಹರಕೆ ಎಂದು ಅವನಿಗೆ ಕೊನೆಯವರೆಗೂ ಯಾರೂ ಹೇಳಲಿಲ್ಲ. ಆ ಕೂಸು ಈಗ ಬೆಂಗಳೂರಿನಲ್ಲಿ ದೊಡ್ಡ ನೌಕರಿಯಲ್ಲಿದೆ. ಊರಿಗೆ ಬಂದರೆ ಮುದುಕರು ಇಂದಿಗೂ ‘ಏ ನಲವತ್ತೊಂದು, ಯಾವಾಗ ಬಂದೆ?’ ಎಂದೇ ಮಾತಾಡಿಸುತ್ತಾರೆ. ಅವನ ಹೆಂಡತಿಗೆ ಇದು ಸೇರುವುದಿಲ್ಲ.

ವ್ಯಾನಿನ ಕೆಳಗೆ ಕೈ ಹಾಕಿ, ಎಂಡನ್ನು ಹಿಡಿದು, ಕಾಕಾನನ್ನು ನೆನೆದು ‘ಲಾಭ’ ಎಂದೇ ಶುರು ಮಾಡಿದೆ. ಗ್ರೀಸಿನ ಮೇಲೆ ಕುಳಿತ ಕರಿಮಣ್ಣು ಪುಡಿಯಾಗಿ ಕಣ್ಣಿಗೆ ಬೀಳುತ್ತಿತ್ತು. ಮೊದಲ ನಾಲ್ಕು ಸುತ್ತು ಪಾನಾ ಹಚ್ಚಿ ತಿರುಗಿಸಬೇಕಾಯಿತು, ಆಮೇಲೆ ಬರಿಗೈಗೇ ಬಂತು. ಹನ್ನೊಂದು ಎಂದೆ. ಗೇಟಿನ ಬಳಿ ಸಿಲಿಂಡರ್ ಇಳಿಸಿದ ಸದ್ದು.

“ಸರ್, ಓಟಿಪಿ ಹೇಳಿ.”

ಸುಮ್ಮನಿದ್ದೆ. “ಸರ್, ಓಟಿಪಿ! ಮೊಬೈಲಿಗೆ ನಾಲ್ಕು ಅಂಕಿ ಬಂದಿರುತ್ತದೆ ನೋಡಿ.” ಹೆಂಡತಿ ಕಟ್ಟೆಯ ಮೇಲಿದ್ದಳು, ಅಪ್ಪಣೆ ಪಾಲಿಸುತ್ತಿದ್ದಳು, ಮೊಬೈಲ್ ನನ್ನ ಅಂಗಿಯ ಜೇಬಿನಲ್ಲಿತ್ತು. ‘ಹನ್ನೊಂದೇ ಹನ್ನೊಂದು’ ಎಂದು ಕಾಕಾನಂತೆ ಹೇಳಿ ನೋಡಿದೆ. “ಎರಡು ಅಂಕಿ ಆಯಿತು ಸರ್, ಇನ್ನೆರಡು?” ಎಂದ. ಕೂಸು ಹುಟ್ಟಿದರೂ ಕಾಯುವ ಕಾಲ ಹೋಯಿತು, 14.2 ಕಿಲೋ ಅನಿಲಕ್ಕೆ ಈಗಲೇ ಉತ್ತರ ಬೇಕು. ಮಲಗಿಕೊಂಡೇ ಮೊಬೈಲ್ ತೆಗೆದು ಏಳು, ಒಂದು, ಎರಡು, ಎಂಟು ಎಂದು ಓದಿದೆ. ಅವನು ಹೋದ. ಎಂಡ್ ಕೈಯಲ್ಲೇ ಇತ್ತು. ಹನ್ನೊಂದು ಆಗಿತ್ತೋ, ಆಗಬೇಕಿತ್ತೋ? ಏಳು ಒಂದು ಎರಡು ಎಂಟು ಇಂದಿಗೂ ಬಾಯಿಪಾಠವಾಗಿದೆ. ಬೇಕಾದ ಅಂಕಿ ಮಾತ್ರ ಇಲ್ಲ. ಉಳಿದದ್ದನ್ನು ಬಿಚ್ಚಿದೆ; ಹದಿನೇಳಕ್ಕೆ ಬಂತು, ಅಥವಾ ಹದಿನೆಂಟಕ್ಕೆ. ಹೊಸದನ್ನು ಹದಿನೇಳು ಸುತ್ತು ಹಾಕಿದೆ.

ಸಂಜೆ ಕುಕನೂರಿನ ದಾರಿ ಹಿಡಿದೆ. ‘ಟಕ್’ ಮಾಯವಾಗಿತ್ತು. ಪುರೋಹಿತರಿಗೆ ಫೋನ್ ಮಾಡಿ ಹೇಳಬೇಕೆನಿಸಿತು. ಆದರೆ ನೆಟ್ಟಗಿನ ದಾರಿಯಲ್ಲಿ ಸ್ಟೀರಿಂಗ್ ನೆಟ್ಟಗಿರಲಿಲ್ಲ. ತುಂಬಾ ಅಲ್ಲ. ಹನ್ನೆರಡು ಗಂಟೆ ಇರಬೇಕಾದ ಕಡೆ ಹನ್ನೆರಡು ಗಂಟೆ ಒಂದು ನಿಮಿಷ. ಯಾರಿಗೆ ತೋರಿಸಿದರೂ ‘ಎಲ್ಲಿ ಸರ್, ಸರಿಯಾಗಿಯೇ ಇದೆಯಲ್ಲ’ ಎನ್ನುತ್ತಾರೆ. ಸದ್ದಿಗೆ ಅಷ್ಟು ತಜ್ಞರಿದ್ದರು, ಈ ಒಂದು ನಿಮಿಷಕ್ಕೆ ಒಬ್ಬನೂ ಇಲ್ಲ. ಓಡಿಸುತ್ತಾ ಓಡಿಸುತ್ತಾ ನನ್ನ ಕತ್ತೇ ಒಂದು ನಿಮಿಷ ಬಲಕ್ಕೆ ವಾಲತೊಡಗಿತು.

ಗ್ಯಾರೇಜಿನ ಹುಡುಗನಿಗೆ ಹೇಳಿದೆ, ಪಾಸ್ ಮಾರ್ಕಿನಷ್ಟಾದರೂ ಹೊಗಳುತ್ತಾನೆಂದು. “ಎಣಿಸುವುದೇಕೆ ಸರ್, ಬಿಚ್ಚುವ ಮುಂಚೆ ಲಾಕ್ ನಟ್ಟಿನ ಹತ್ತಿರ ಒಂದು ಬೊಟ್ಟು ಸುಣ್ಣ ಇಟ್ಟಿದ್ದರೆ ಆಗುತ್ತಿತ್ತು,” ಎಂದ. “ಹಾಗೆ ನೋಡಿದರೆ ಹಳೆಯದು, ಹೊಸದು ಉದ್ದದಲ್ಲಿ ಒಂದೇ ಇರುವುದಿಲ್ಲ. ನೀವು ಎಣಿಸಿದ್ದು ಗಾಲಿ ನೇರ ಮಾಡುವ ಅಲೈನ್‌ಮೆಂಟ್ ಅಂಗಡಿಯವರೆಗೆ ಹೋಗುವುದಕ್ಕಷ್ಟೇ.” ಗಣಿತದಲ್ಲಿ 36 ತೆಗೆದ ಹುಡುಗ. ಆ ಒಂದು ಅಂಕ ನಾನೇ ಕೂಡಿಸಿದ್ದೆ ಎಂಬ ನೆನಪು.

ಮನೆಗೆ ಬಂದು ಹೆಂಡತಿಯೆದುರು ಗೊಣಗಿದೆ. ಹದಿನೇಳೋ ಹದಿನೆಂಟೋ?

“ಹತ್ತೊಂಬತ್ತೂ ಇರಬಹುದು,” ಎಂದಳು. “ನೀವು ಬಿಚ್ಚುವಾಗ ಲಾಭ ಎಂದಿರಿ. ಆಮೇಲೆ ಒಂದು ಎಂದಿರಿ. ಆಮೇಲೆ ಎರಡು.”

“ಆಗಲೇ ಹೇಳಬಾರದಿತ್ತೇನೆ?”

“ತುಟಿ ಬಿಚ್ಚಬಾರದು ಎಂದಿದ್ದಿರಲ್ಲರೀ.”

ಅಲೈನ್‌ಮೆಂಟ್ ಅಂಗಡಿಗೆ ನಾಳೆ ನಾಡಿದ್ದು ಎನ್ನುತ್ತಾ ಮೂರು ವಾರವಾಯಿತು. ಹೋಗದಿರುವುದಕ್ಕೆ ಕಾರಣವೂ ಸಿಕ್ಕಿದೆ: ಎಡಗಡೆ ಸುಮ್ಮನಾದ ಮೇಲೆ ಬಲಗಡೆ ಕೇಳಿಸತೊಡಗಿದೆ. ಅದು ಮೊದಲೂ ಇದ್ದಿರಬೇಕು. ಎಡಗಡೆಯ ಗದ್ದಲದಲ್ಲಿ ಅದರ ಸರದಿ ಬಂದಿರಲಿಲ್ಲ. ಎರಡನ್ನೂ ಮುಗಿಸಿಯೇ ಅಲೈನ್‌ಮೆಂಟ್ ಮಾಡಿಸುವುದು ಜಾಣತನ. ಬಲಗಡೆಯ ಎಂಡ್ ತಂದಿದ್ದೇನೆ. ಪಿನ್ ಈ ಸಲ ಇಡಿಯಾಗಿ ಬಂತು, ಗೂಟ ಮೂರನೆಯ ಏಟಿಗೆ ‘ಟಣ್’ ಎಂದಿತು. ಸುಣ್ಣದ ಬೊಟ್ಟು ಇಡಬಹುದಿತ್ತು. 36 ಅಂಕದವನ ಉಪಾಯ ನನಗೆ ಬೇಡ.

ಹೆಂಡತಿ ಕಟ್ಟೆಯ ಮೇಲೆ ಕುಳಿತಿದ್ದಾಳೆ. ಉಡಿಯಲ್ಲಿ ಒಂದು ಹಿಡಿ ಜೋಳ, ಪಕ್ಕದಲ್ಲಿ ಖಾಲಿ ಡಬ್ಬಿ. ಪ್ರತಿ ಸುತ್ತಿಗೂ ಒಂದು ಕಾಳು. ಮೊಬೈಲನ್ನು ಅವಳೇ ಇಸಿದುಕೊಂಡಿದ್ದಾಳೆ. ನಾನು ಕೆಳಗೆ ತೂರಿ, ಎಂಡ್ ಹಿಡಿದು, ಲಾಭ ಎಂದೆ. ಡಬ್ಬಿಯಲ್ಲಿ ‘ಟಿಣ್’ ಎಂದಿತು. ಎರಡು ಎಂದೆ. ‘ಟಿಣ್’.

ಗೇಟಿನ ಬಳಿ ಪೋಸ್ಟ್‌ಮಾಸ್ತರರು ಕೆಮ್ಮಿದರು. “ಏನು ಸರ್, ಬುಷ್ ಹಾಕುತ್ತಿದ್ದೀರೋ?”

“ಮೂರೇ ಮೂರು,” ಎಂದಳು ಹೆಂಡತಿ.