ಹೊಸ ಬಟನ್ ಬಂದಿಲ್ಲ ಅಂದ್ರೆ ಕೆಲಸ ನಿಂತಿದೆ ಅಂತಲ್ಲ

ವಿಡಿಯೋ ನೋಡಲು ನಾವೆಲ್ಲ ಬಳಸುವ ವಿಎಲ್‌ಸಿ ಪ್ಲೇಯರ್ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ: "ಅದು ಇದ್ದ ಹಾಗೇ ಇದೆ ಮಾರಾಯ್ರೆ, ಎಷ್ಟೋ ವರ್ಷದಿಂದ ಏನೂ ಬದಲಾಗಿಲ್ಲ. ಮಾಡೋರು ಕೈಬಿಟ್ಟಿರಬೇಕು." ಅದೇ ಕಿತ್ತಳೆ ಬಣ್ಣದ ಕೋನ್, ಅದೇ ಹಳೇ ಕಾಲದ ಮೆನು, ಕೆಳಗೆ ಅದೇ ಪ್ಲೇ ಬಟನ್. ನೋಡಿದವರಿಗೆ ಹಾಗನ್ನಿಸುವುದು ಸಹಜ. ಆದರೂ ಆ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. ಮೀಡಿಯಾ ಪ್ಲೇಯರ್ ಅನ್ನುವುದರಲ್ಲಿ ರಿಪೇರಿಯೇ ದೊಡ್ಡ ಕೆಲಸ. ಆ ಕೆಲಸ ಒಂದು ದಿನವೂ ನಿಂತಿಲ್ಲ.

ವಿಎಲ್‌ಸಿ 3.0 ಬಂದದ್ದು 2018ರ ಫೆಬ್ರವರಿಯಲ್ಲಿ. 4.0 ಬರುತ್ತದೆ, ಬರುತ್ತದೆ ಅಂತ ಆವತ್ತಿಂದ ಕಾಯುತ್ತಲೇ ಇದ್ದೇವೆ. ಈ ನಡುವೆ 3.0.1, 3.0.2 ಅಂತ ಶುರುವಾಗಿ 2024ರ ಜೂನ್ ಹೊತ್ತಿಗೆ 3.0.21 ಬಂತು. ಬದಲಾದದ್ದು ಕೊನೆಯ ಅಂಕಿ ಮಾತ್ರ. ಆದರೆ ಆಪಲ್ ತನ್ನ ಮ್ಯಾಕ್‌ಗಳ ಪ್ರೊಸೆಸರನ್ನೇ ಬದಲಿಸಿದಾಗ ಅದಕ್ಕೆ ಹೊಂದಿಕೊಂಡದ್ದು ಇಂಥ ಒಂದು ಚಿಕ್ಕ ಅಪ್‌ಡೇಟ್‌ನಲ್ಲಿ, 3.0.12ರಲ್ಲಿ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಒಡೆದ ಹಂಚು ಬದಲಿಸುತ್ತಾರೆ. ಹೊರಗಿಂದ ನೋಡಿದರೆ ಮನೆ ಹೋದ ವರ್ಷದ್ದೇ. ಒಳಗೆ ಸೋರುವುದಿಲ್ಲ, ಅಷ್ಟೇ.

ಇಷ್ಟೊಂದು ರಿಪೇರಿ ಯಾಕೆ ಬೇಕು ಅಂತ ಕೇಳಬಹುದು. ಫೈಲ್‌ಗಳನ್ನು ಹತ್ತಿರದಿಂದ ನೋಡಿದರೆ ಉತ್ತರ ಸಿಗುತ್ತದೆ.

ನಮ್ಮ ಕಡೆಯವರ ಹಳೇ ಮದುವೆ ಸಿಡಿ, ತಾಳಮದ್ದಳೆ ರೆಕಾರ್ಡಿಂಗ್ ಎಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಡುವುದು ನನ್ನ ಬಿಡುವಿನ ಕೆಲಸ. ಎರಡು ಸಾವಿರದ ಆಸುಪಾಸಿನ ಮದುವೆ ಅಂದರೆ ವಿಸಿಡಿ. ಡಿಸ್ಕ್ ಒಳಗೆ .ಡಿಎಟಿ ಅಂತ ಕೊನೆಯಾಗುವ ಒಂದು ಫೈಲ್. ಒಳಗಿರುವುದು ಎಂಪೆಗ್-1 ವಿಡಿಯೋ, 352 ಅಡ್ಡ, 288 ಉದ್ದ. ಈಗಿನ ಫೋನ್ ಪರದೆಯ ಒಂದು ಮೂಲೆಯಷ್ಟು. ಎಷ್ಟೋ ಡಿಸ್ಕ್‌ಗಳಲ್ಲಿ ಗೀರು ಬಿದ್ದಿರುತ್ತದೆ. ಮಧ್ಯದಲ್ಲಿ ಒಂದಷ್ಟು ಓದಲಿಕ್ಕೇ ಆಗುವುದಿಲ್ಲ. ಧಾರೆಯ ಹೊತ್ತಿಗೆ ಸರಿಯಾಗಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಅಲ್ಲಿ ಪ್ಲೇಯರ್ ಕೈಚೆಲ್ಲಿ ನಿಂತರೆ ಉಳಿದ ಮುಕ್ಕಾಲು ಮದುವೆ ಹೋಯಿತು. ನಿಲ್ಲದೆ ಮುಂದಿನ ಸರಿಯಾದ ಜಾಗ ಹುಡುಕಿ ಅಲ್ಲಿಂದ ಶುರು ಮಾಡಬೇಕು. ಆ ಹುಡುಕುವ ಬುದ್ಧಿಯನ್ನು ಯಾರೋ ಕೂತು ಬರೆದಿರುತ್ತಾರೆ.

ಇನ್ನೊಂದು ಬಗೆ ಇದಕ್ಕಿಂತ ಕಷ್ಟದ್ದು. ರಾತ್ರಿಯಿಡೀ ನಡೆದ ಪ್ರಸಂಗವನ್ನು ತುಂಡು ತುಂಡಾಗಿ ರೆಕಾರ್ಡ್ ಮಾಡಿ, ಆಮೇಲೆ ಯಾರೋ ಒಂದರ ಹಿಂದೆ ಒಂದು ಸುಮ್ನೆ ಅಂಟಿಸಿರುತ್ತಾರೆ. ವಿಡಿಯೋದ ಪ್ರತಿ ಫ್ರೇಮ್‌ಗೂ ಒಂದು ಸಮಯದ ಗುರುತು ಇರುತ್ತದೆ, ಇದನ್ನು ಇಷ್ಟು ಸೆಕೆಂಡಿಗೆ ತೋರಿಸು ಅಂತ. ಹೀಗೆ ಅಂಟಿಸಿದ ಫೈಲ್‌ನಲ್ಲಿ ಒಂದು ಗಂಟೆ ಆದಮೇಲೆ ಆ ಗುರುತು ಇದ್ದಕ್ಕಿದ್ದ ಹಾಗೆ ಸೊನ್ನೆಗೆ ಬಂದುಬಿಡುತ್ತದೆ. ಪ್ಲೇಯರ್ ಏನು ಮಾಡಬೇಕು? ಗಡಿಯಾರ ಹಿಂದಕ್ಕೆ ಹೋಯಿತು ಅಂತ ಆ ಫ್ರೇಮ್‌ಗಳನ್ನೆಲ್ಲ ತಡವಾದವು ಅಂತ ಎಸೆಯಬೇಕಾ? ಹೊಸದಾಗಿ ಲೆಕ್ಕ ಶುರು ಮಾಡಬೇಕಾ? ಶುರು ಮಾಡಿದರೆ ಕೆಳಗಿನ ಪಟ್ಟಿಯಲ್ಲಿ ಒಟ್ಟು ಎಷ್ಟು ಹೊತ್ತು ಅಂತ ತೋರಿಸಬೇಕು? ಫೈಲ್ ಹೇಗಿರಬೇಕು ಅಂತ ಹೇಳುವ ಯಾವ ಸ್ಟ್ಯಾಂಡರ್ಡ್ ಪುಸ್ತಕದಲ್ಲೂ ಸರಿಯುತ್ತರ ಇಲ್ಲ. ಯಾಕಂದ್ರೆ ಅಂಥ ಫೈಲ್ ಇರಲೇಬಾರದು. ಆದರೆ ಇದೆ. ಅದರಲ್ಲಿ ಈಗ ನಮ್ಮ ನಡುವೆ ಇಲ್ಲದ ಅರ್ಥಧಾರಿಗಳ ಮಾತಿದೆ. ಅದು ಓಡಲೇಬೇಕು.

ಕರೆಂಟ್ ಹೋದ ಫೈಲ್‌ಗಳದ್ದು ಬೇರೆ ಕಥೆ. ಎವಿಐ ಫೈಲ್‌ನಲ್ಲಿ ಯಾವ ಚಿತ್ರ ಎಲ್ಲಿದೆ ಅನ್ನುವ ಪಟ್ಟಿ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ. ರೆಕಾರ್ಡಿಂಗ್ ಅರ್ಧಕ್ಕೆ ನಿಂತರೆ ಆ ಪಟ್ಟಿಯೇ ಬರೆದಿರುವುದಿಲ್ಲ. ಇಂಡೆಕ್ಸ್ ಹಾಳಾಗಿದೆ, ಹೊಸದಾಗಿ ಕಟ್ಟಲೇ ಅಂತ ವಿಎಲ್‌ಸಿ ಕೇಳುವುದನ್ನು ನೀವೂ ನೋಡಿರುತ್ತೀರಿ. ಹೂಂ ಅಂದರೆ ಇಡೀ ಫೈಲ್ ಓದಿ ತಾನೇ ಪಟ್ಟಿ ಮಾಡಿಕೊಳ್ಳುತ್ತದೆ. ಎಂಪಿ4ನಲ್ಲಿ ಹಾಗೆ ಪಟ್ಟಿ ಕಳೆದುಹೋದರೆ ವಿಎಲ್‌ಸಿ ಕೈಯಲ್ಲೂ ಆಗುವುದಿಲ್ಲ. ಅದಕ್ಕೆ ಬೇರೆ ಸಾಧನಗಳೇ ಬೇಕು. ಮದುವೆ ವಿಡಿಯೋ ಮಾಡುವವರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ, ರೆಕಾರ್ಡಿಂಗ್ ನಿಲ್ಲಿಸದೆ ಬ್ಯಾಟರಿ ತೆಗೆಯಬೇಡಿ.

ಇವೆಲ್ಲ ಒಬ್ಬರ ಮನೆಯ ಡಿಸ್ಕ್‌ಗಳ ವಿಷಯ. ಜಗತ್ತಿನಲ್ಲಿ ಎಷ್ಟು ಬಗೆಯ ಕ್ಯಾಮೆರಾ, ಎಷ್ಟು ಬಗೆಯ ಫೋನ್, ಸಿಸಿಟಿವಿ ಪೆಟ್ಟಿಗೆಗಳು, ಸೆಟ್-ಟಾಪ್ ಬಾಕ್ಸ್‌ಗಳು. ಒಂದೊಂದೂ ಸ್ಟ್ಯಾಂಡರ್ಡನ್ನು ತನಗೆ ತಿಳಿದ ಹಾಗೆ ಓದಿಕೊಂಡು ಫೈಲ್ ಬರೆಯುತ್ತದೆ. ಹಾಗಾಗಿ ಪ್ಲೇಯರ್‌ನ ಬಗ್, ಅಂದರೆ ಕೋಡಿನೊಳಗಿನ ತಪ್ಪು, ಮುಗಿಯಿತು ಅನ್ನುವ ದಿನ ಬರುವುದಿಲ್ಲ.

ಈ ಕೆಲಸ ಶುರುವಾದದ್ದು ಪ್ಯಾರಿಸ್‌ನ ಎಕೋಲ್ ಸಾಂತ್ರಾಲ್ ಅನ್ನುವ ಎಂಜಿನಿಯರಿಂಗ್ ಕಾಲೇಜಿನಲ್ಲಿ, 1996ರಲ್ಲಿ. ಹುಡುಗರಿಗೆ ಕ್ಯಾಂಪಸ್‌ನಲ್ಲಿ ವೇಗದ ನೆಟ್‌ವರ್ಕ್ ಬೇಕಿತ್ತು. ಒಂದೇ ಸ್ಯಾಟಲೈಟ್ ಡಿಶ್‌ನಿಂದ ಎಲ್ಲ ರೂಮುಗಳಿಗೂ ಟಿವಿ ಕಳಿಸುವ ಯೋಜನೆ ಮಾಡಿದರು. ಆ ಕಡೆಯಿಂದ ಕಳಿಸುವ ಸರ್ವರ್, ಈ ಕಡೆ ನೋಡುವ ಕ್ಲೈಂಟ್. ನಾವು ಬಳಸುತ್ತಿರುವುದು ಆ ಕ್ಲೈಂಟಿನ ಕಡೆಯಿಂದ ಬೆಳೆದದ್ದು. 2001ರ ಫೆಬ್ರವರಿಯಲ್ಲಿ ಕಾಲೇಜು ಒಪ್ಪಿದ ಮೇಲೆ, ಕೋಡನ್ನು ಯಾರು ಬೇಕಾದರೂ ನೋಡಿ ಬದಲಿಸಿ ಹಂಚಲು ಬಿಡುವ ಜಿಪಿಎಲ್ ಲೈಸೆನ್ಸ್‌ನಡಿ ಎಲ್ಲರಿಗೂ ತೆರೆದುಕೊಂಡಿತು. ಈಗ ವಿಎಲ್‌ಸಿ ಮಾಡುವ ವಿಡಿಯೋಲ್ಯಾನ್ ಅನ್ನುವುದು ಫ್ರಾನ್ಸ್‌ನಲ್ಲಿ ನೋಂದಾಯಿಸಿದ, ಲಾಭದ ಉದ್ದೇಶವಿಲ್ಲದ ಸಂಘ. ಅದರ ಮುಂದಾಳು ಜಾನ್-ಬಾಪ್ಟಿಸ್ಟ್ ಕೆಂಫ್. ವಿಎಲ್‌ಸಿಯಲ್ಲಿ ಜಾಹೀರಾತು ತುಂಬಲು ದೊಡ್ಡ ಮೊತ್ತದ ಆಫರ್‌ಗಳು ಬಂದಿದ್ದವು, ಅವರು ಒಪ್ಪಲಿಲ್ಲ. ಇನ್‌ಸ್ಟಾಲ್ ಮಾಡುವಾಗ ಯಾವುದೋ ಟೂಲ್‌ಬಾರ್ ಬಂದು ಕೂರದ ಸಾಫ್ಟ್‌ವೇರ್ ಅಂದರೆ ಆ ಕಾಲದಲ್ಲಿ ಎಷ್ಟು ದೊಡ್ಡ ವಿಷಯ ಅನ್ನುವುದು ಸೈಬರ್ ಕೆಫೆಯಲ್ಲಿ ಕೂತವರಿಗೆ ಗೊತ್ತು.

ರಿಪೇರಿ ಮಾಡುವವರಿಗೆ ಸಿಗುವ ಮರ್ಯಾದೆಗೆ 2019 ಒಳ್ಳೆಯ ಉದಾಹರಣೆ. ಆ ವರ್ಷ ಯುರೋಪಿಯನ್ ಕಮಿಷನ್ ತನ್ನ ಹಣದಲ್ಲಿ ಬಗ್ ಹುಡುಕಿದವರಿಗೆ ಬಹುಮಾನ ಕೊಡುವ ಯೋಜನೆ ನಡೆಸಿತು. ವಿಎಲ್‌ಸಿಯೂ ಅದರಲ್ಲಿತ್ತು. ರಾಶಿ ರಾಶಿ ವರದಿ ಬಂದವು. ಜೂನ್‌ನಲ್ಲಿ 3.0.7 ಬಂದಾಗ ಒಂದೇ ಸಲಕ್ಕೆ 30ಕ್ಕೂ ಹೆಚ್ಚು ಭದ್ರತಾ ತೊಂದರೆಗಳನ್ನು ಸರಿಪಡಿಸಿದ್ದರು. ಇದಾಗಿ ಮುಂದಿನ ತಿಂಗಳೇ ವಿಎಲ್‌ಸಿಯಲ್ಲಿ ಭಯಂಕರ ದೋಷ ಇದೆ ಅಂತ ಜರ್ಮನಿಯ ಸರ್ಕಾರಿ ಭದ್ರತಾ ತಂಡ ಎಚ್ಚರಿಕೆ ಕೊಟ್ಟಿತು. ಕೂಡಲೇ ಅನ್‌ಇನ್‌ಸ್ಟಾಲ್ ಮಾಡಿ ಅಂತ ಜಗತ್ತಿನ ತುಂಬ ಸುದ್ದಿ. ವರದಿಯ ಜೊತೆ ಬಂದ ಫೈಲನ್ನು ವಿಎಲ್‌ಸಿಯವರು ಹಾಕಿ ನೋಡಿದರೆ ಏನೂ ಆಗುತ್ತಿಲ್ಲ. ಕೊನೆಗೆ ಗೊತ್ತಾದದ್ದು ಇಷ್ಟು: ದೋಷ ಇದ್ದದ್ದು ಎಂಕೆವಿ ಅನ್ನುವ ಬಗೆಯ ವಿಡಿಯೋ ಫೈಲ್ ಓದಲು ಬಳಸುವ, ಬೇರೆಯವರು ಮಾಡಿದ ಒಂದು ಲೈಬ್ರರಿಯಲ್ಲಿ, ಅಂದರೆ ಸಿದ್ಧ ಕೋಡಿನ ಕಟ್ಟಿನಲ್ಲಿ. ಅದನ್ನು ಸರಿಪಡಿಸಿ ವರ್ಷದ ಮೇಲಾಗಿತ್ತು. ವಿಎಲ್‌ಸಿ 3.0.3ರಿಂದಲೇ ಸರಿಯಾದ ಲೈಬ್ರರಿ ಜೊತೆಗೆ ಬರುತ್ತಿತ್ತು. ವರದಿ ಮಾಡಿದವರ ಕಂಪ್ಯೂಟರಿನ ಉಬುಂಟು ಲಿನಕ್ಸ್‌ನಲ್ಲಿ ಹಳೇ ಲೈಬ್ರರಿ ಇತ್ತು. ದೋಷ ಇದೆ ಅನ್ನುವ ಸುದ್ದಿ ಓದಿದ ಎಲ್ಲರೂ ಇಲ್ಲ ಅನ್ನುವ ಸುದ್ದಿ ಓದಿರಲಿಕ್ಕಿಲ್ಲ. ಬಂದ ವರದಿಯನ್ನು ಪರೀಕ್ಷಿಸಿ, ಇದು ನಮ್ಮದಲ್ಲ ಅಂತ ತೋರಿಸಿಕೊಡುವುದಕ್ಕೂ ಜನ, ಸಮಯ ಎರಡೂ ಬೇಕು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

2021ರಲ್ಲಿ ಇನ್ನೊಂದು ಪೇಚಾಟ. ವಿಂಡೋಸ್‌ನಲ್ಲಿ ಅಪ್‌ಡೇಟ್ ತರುವ ಭಾಗಕ್ಕೇ ಬಗ್ ಬಂತು. 3.0.12 ಮತ್ತು 3.0.13 ಇದ್ದವರಿಗೆ ಹೊಸ ಆವೃತ್ತಿ ಡೌನ್‌ಲೋಡ್ ಆಗುತ್ತದೆ, ಆದರೆ ಇನ್‌ಸ್ಟಾಲರ್ ಶುರುವಾಗುವುದಿಲ್ಲ. 3.0.14ರಲ್ಲಿ ಸರಿ ಮಾಡಿದರು. ಆದರೆ ಆ ರಿಪೇರಿ ತಲುಪಿಸುವ ದಾರಿಯೇ ಮುರಿದಿತ್ತಲ್ಲ. ನೀವೇ ಸೈಟಿಗೆ ಬಂದು ಇಳಿಸಿಕೊಳ್ಳಿ ಅಂತ ಹೇಳದೆ ಬೇರೆ ದಾರಿ ಇರಲಿಲ್ಲ.

ಅದರ ಮರುವರ್ಷ ಭಾರತದಲ್ಲಿ ಆ ಸೈಟೇ ತೆರೆಯದ ಹಾಗಾಯಿತು. 2022ರ ಫೆಬ್ರವರಿಯಿಂದ ವಿಡಿಯೋಲ್ಯಾನ್ ಸೈಟ್ ನಮ್ಮ ಬಹಳಷ್ಟು ಇಂಟರ್ನೆಟ್ ಕಂಪನಿಗಳಲ್ಲಿ ಬ್ಲಾಕ್ ಆಗಿತ್ತು. ವಿಎಲ್‌ಸಿ ಮಾಡುವವರಿಗೆ ಮುಂಚಿತವಾಗಿ ನೋಟಿಸ್ ಇಲ್ಲ. ಅಕ್ಟೋಬರ್‌ನಲ್ಲಿ ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಅವರು ಸರ್ಕಾರದ ಇಲಾಖೆಗಳಿಗೆ ಲೀಗಲ್ ನೋಟಿಸ್ ಕಳಿಸಿದರು. ನವೆಂಬರ್‌ನಲ್ಲಿ ತಡೆ ತೆರವಾಯಿತು. ನನಗೆ ಇದರಲ್ಲಿ ಸಿಟ್ಟು ಬರುವುದು ಒಂದು ಕಾರಣಕ್ಕೆ. ಅಸಲಿ ಸೈಟ್ ಮುಚ್ಚಿದರೆ ಜನ ವಿಎಲ್‌ಸಿ ಬಿಡುವುದಿಲ್ಲ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಯಾವುದೋ ಸೈಟಿನಿಂದ ಇಳಿಸುತ್ತಾರೆ. ಅದರಲ್ಲಿ ಇನ್ನೇನು ಸೇರಿಕೊಂಡಿದೆಯೋ ಯಾರಿಗೆ ಗೊತ್ತು? ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಇದ್ದ ಹಳೇ ಸೆಟಪ್ ಹಾಕಿಕೊಳ್ಳುತ್ತಾರೆ. ಅಷ್ಟು ಕಷ್ಟಪಟ್ಟು ಮಾಡಿದ ಭದ್ರತಾ ರಿಪೇರಿಗಳು ನಮ್ಮ ಜನಕ್ಕೆ ತಲುಪದ ಹಾಗೆ ನಾವೇ ಅಡ್ಡ ನಿಂತ ಹಾಗಾಯಿತು.

ಇನ್ನು 4.0 ವಿಷಯ. ಅದರಲ್ಲಿ ಹೊಸ ಮುಖ ಇದೆ, ಎಲ್ಲರೂ ಕೇಳುವುದು ಅದನ್ನೇ. ಒಳಗೆ ಚಿತ್ರ ಮತ್ತು ಧ್ವನಿ ಹೊಂದಿಸುವ ಗಡಿಯಾರವನ್ನೇ ಹೊಸದಾಗಿ ಬರೆದಿದ್ದಾರೆ, ಚಿತ್ರವನ್ನು ಪರದೆಗೆ ಕಳಿಸುವ ಭಾಗವನ್ನೂ ಬದಲಿಸಿದ್ದಾರೆ. ಹಾಗಾಗಿ ಈಗ ಪ್ರತಿ ಬಗ್ಗೂ ಎರಡು ಮನೆ. ರಿಪೇರಿ ಮೊದಲು 4.0ಕ್ಕೆ ಹೋಗುತ್ತದೆ, ಆಮೇಲೆ ಅದನ್ನು 3.0ಕ್ಕೆ ತರುತ್ತಾರೆ. ಎರಡರ ಒಳಗಿನ ಕಟ್ಟೋಣ ಬೇರೆಯಾದ್ದರಿಂದ ಎಷ್ಟೋ ಸಲ ಹಾಗೇ ಎತ್ತಿ ತಂದು ಕೂರಿಸಲು ಆಗುವುದಿಲ್ಲ, ಮತ್ತೆ ಬರೆಯಬೇಕು. 3.0 ಬಿಟ್ಟುಬಿಟ್ಟರೆ 4.0 ಬೇಗ ಬರುತ್ತದಲ್ಲ ಅಂತ ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. 3.0 ವಿಂಡೋಸ್ ಎಕ್ಸ್‌ಪಿಯಲ್ಲೂ ಓಡುತ್ತದೆ. ಹಳ್ಳಿ ಶಾಲೆಯ ಹಳೇ ಕಂಪ್ಯೂಟರಲ್ಲಿ ಮಕ್ಕಳಿಗೆ ಪಾಠದ ವಿಡಿಯೋ ತೋರಿಸುವ ಮೇಷ್ಟ್ರಿಗೆ ಹೊಸ ಮುಖಕ್ಕಿಂತ ಅದು ಮುಖ್ಯ. ತಡವಾದರೂ ಪರವಾಗಿಲ್ಲ, ಹಳೆಯದನ್ನು ನೋಡಿಕೊಳ್ಳುತ್ತಿರುವುದೇ ಸರಿ.

ಮಾಡುವವರು ಎಷ್ಟು ಜನ ಅಂದುಕೊಂಡಿದ್ದೀರಿ? ನೂರಾರು ಜನ ಆಗೊಮ್ಮೆ ಈಗೊಮ್ಮೆ ಕೋಡ್ ಕಳಿಸಿದ್ದಾರೆ, ನಿಜ. ದಿನವೂ ಹೊರೆ ಹೊರುವವರು ಬೆರಳೆಣಿಕೆಯಷ್ಟು. ವಿಎಲ್‌ಸಿ ಒಳಗೆ ಡಿಕೋಡ್ ಮಾಡುವ, ಅಂದರೆ ಫೈಲ್‌ನಲ್ಲಿ ಒತ್ತಿಟ್ಟ ಚಿತ್ರ, ಧ್ವನಿಯನ್ನು ಬಿಡಿಸುವ ಬಹುಪಾಲು ಕೆಲಸ ಎಫ್‌ಎಫ್‌ಎಂಪೆಗ್ ಅನ್ನುವ ಇನ್ನೊಂದು ಓಪನ್ ಸೋರ್ಸ್ ಪ್ರಾಜೆಕ್ಟಿನದು. ಅಲ್ಲೂ ಹೆಚ್ಚಿನವರು ಸ್ವಯಂಸೇವಕರೇ. 2025ರಲ್ಲಿ ಗೂಗಲ್‌ನ ಎಐ ಸಾಧನವೊಂದು 1995ರ ಒಂದು ವಿಡಿಯೋ ಗೇಮ್‌ನ ಡಿಕೋಡರ್‌ನಲ್ಲಿ ಬಗ್ ಹಿಡಿಯಿತು. ಬಗ್ ನಿಜವೇ. ಆದರೆ ಇಷ್ಟು ದೊಡ್ಡ ಕಂಪನಿ ವರದಿಯ ಜೊತೆ ರಿಪೇರಿಯನ್ನೂ ಕಳಿಸಬಾರದೇ, ಇಲ್ಲವೇ ಹಣ ಕೊಡಬಾರದೇ ಅಂತ ಎಫ್‌ಎಫ್‌ಎಂಪೆಗ್‌ನವರು ಬಹಿರಂಗವಾಗಿಯೇ ಕೇಳಿದರು. ನಾನು ಅವರ ಪರ. ಯಂತ್ರದಿಂದ ದಿನಕ್ಕೆಷ್ಟು ಬಗ್ ಬೇಕಾದರೂ ಹುಡುಕಿಸಬಹುದು. ಸರಿ ಮಾಡಲು ಕೂರುವವನು ಆಫೀಸ್ ಮುಗಿಸಿ ರಾತ್ರಿ ಬಂದು ಕೂರಬೇಕು.

ನಮ್ಮ ಕೈಲಿ ಏನಾಗುತ್ತದೆ ಅಂದರೆ, ಕೋಡ್ ಬರೆಯಲು ಬಾರದವರಿಗೂ ಕೆಲಸ ಇದೆ. ಕನ್ನಡದ ಸಬ್‌ಟೈಟಲ್ ತೆಗೆದುಕೊಳ್ಳಿ. "ಸ್ತ್ರೀ" ಅಂತ ನಾವು ಒಂದೇ ಅಕ್ಷರವಾಗಿ ಓದುವುದು ಕಂಪ್ಯೂಟರಿಗೆ 6 ಸಂಕೇತಗಳ ಸಾಲು. ಅದನ್ನು ಜೋಡಿಸಿ ತ ಮತ್ತು ರ ವತ್ತುಗಳನ್ನು ಅವುಗಳ ಜಾಗದಲ್ಲಿ ಕೂರಿಸುವುದು ಹಾರ್ಫ್‌ಬಜ್ ಅನ್ನುವ ಲೈಬ್ರರಿ. ಹಳೇ ಪ್ಲೇಯರ್‌ಗಳಲ್ಲಿ ಈ ಜೋಡಣೆ ಇಲ್ಲದೆ ವತ್ತುಗಳೆಲ್ಲ ಬಿಡಿಬಿಡಿಯಾಗಿ ಬಿದ್ದಿರುತ್ತಿದ್ದವು, ಅರ್ಕಾವತ್ತು ಇನ್ನೆಲ್ಲೋ ಇರುತ್ತಿತ್ತು. ಈಗ ಬಹಳ ಸುಧಾರಿಸಿದೆ. ಆದರೂ ಫಾಂಟ್ ಸಿಗದೆ ಬರೀ ಡಬ್ಬಿಗಳು ಕಾಣುವುದು, ಅಕ್ಷರದ ಸುತ್ತಿನ ಕಪ್ಪು ಅಂಚು ವತ್ತಿನ ಮೇಲೆ ಹತ್ತಿ ಕೂರುವುದು ಇಂಥವು ಆಗುತ್ತವೆ. ಪ್ಯಾರಿಸ್‌ನಲ್ಲಿ ಕೂತ ಡೆವಲಪರ್‌ಗೆ ಆ ಸಾಲು ಸರಿ ಇದೆಯೋ ತಪ್ಪಿದೆಯೋ ಕಾಣುವುದಿಲ್ಲ. ಕನ್ನಡ ಓದಲು ಬರುವವರೇ ಹೇಳಬೇಕು.

ಹೇಳುವುದು ಅಂದರೆ ಪ್ಲೇ ಸ್ಟೋರ್‌ನಲ್ಲಿ ಒಂದು ಸ್ಟಾರ್ ಕೊಟ್ಟು "ವರ್ಕ್ ಆಗ್ತಿಲ್ಲ" ಅಂತ ಬರೆಯುವುದಲ್ಲ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಮೊದಲು ನೈಟ್ಲಿ ಬಿಲ್ಡ್, ಅಂದರೆ ದಿನವೂ ಹೊಸದಾಗಿ ತಯಾರಾಗುವ ಪರೀಕ್ಷೆಯ ಆವೃತ್ತಿ, ಹಾಕಿ ನೋಡಿ, ಅದರಲ್ಲಿ ಆಗಲೇ ಸರಿಯಾಗಿರಬಹುದು. ಆಗಿಲ್ಲದಿದ್ದರೆ ಕಂಟ್ರೋಲ್ ಒತ್ತಿ ಹಿಡಿದು ಎಂ ಒತ್ತಿದರೆ ಮೆಸೇಜಸ್ ಕಿಟಕಿ ತೆರೆಯುತ್ತದೆ. ಅಲ್ಲಿ ವರ್ಬಾಸಿಟಿ (ಎಷ್ಟು ವಿವರ ಬರೆಯಬೇಕು ಅನ್ನುವುದು) 2 ಅಂತ ಇಟ್ಟು, ತೊಂದರೆ ಇನ್ನೊಮ್ಮೆ ಆಗುವ ಹಾಗೆ ಮಾಡಿ, ಅಲ್ಲಿ ಬಂದ ಸಂದೇಶಗಳ ಪಟ್ಟಿಯನ್ನು, ಅಂದರೆ ಲಾಗನ್ನು, ಸೇವ್ ಮಾಡಿ. ಯಾವ ಆವೃತ್ತಿ, ಯಾವ ವಿಂಡೋಸ್ ಅಥವಾ ಆಂಡ್ರಾಯ್ಡ್, ಯಾವ ನಿಮಿಷದಲ್ಲಿ ಏನಾಗುತ್ತದೆ ಅಂತ ಬರೆಯಿರಿ. ತೊಂದರೆ ಕೊಡುವ ಫೈಲ್‌ನ ಒಂದು ತುಂಡು ಜೊತೆಗಿಡಿ. ಬಾಕಿ ಏನಿಲ್ಲದಿದ್ದರೂ ಆ ಫೈಲ್ ಬೇಕೇ ಬೇಕು, ಅದಿಲ್ಲದೆ ಅವರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಮನೆಯವರ ಮುಖ ಇರುವ ಭಾಗ ಬೇಡದಿದ್ದರೆ ಕತ್ತರಿಸಿ ಕಳಿಸಿ. ಕತ್ತರಿಸಿದ ತುಂಡಿನಲ್ಲೂ ತೊಂದರೆ ಉಳಿದಿದೆಯಾ ಅಂತ ಮಾತ್ರ ಮೊದಲು ನೋಡಿ.

ಇಂಗ್ಲಿಷ್‌ನಲ್ಲಿ ಬರೆಯಲು ಹಿಂಜರಿಕೆ ಇದ್ದರೆ ಫೈಲ್ ಮತ್ತು ಲಾಗ್ ಎರಡನ್ನೂ ನನಗೆ ಇನ್‌ಬಾಕ್ಸ್ ಮಾಡಿ, ನಾನು ಬರೆದು ಹಾಕುತ್ತೇನೆ. ಸಬ್‌ಟೈಟಲ್ ಬಗ್ ಆದರೆ ಸ್ಕ್ರೀನ್‌ಶಾಟ್ ಜೊತೆ ಸಬ್‌ಟೈಟಲ್ ಇರುವ ಎಸ್‌ಆರ್‌ಟಿ ಫೈಲನ್ನೂ ಕಳಿಸಿ, ಆ ಸಾಲು ಹೇಗೆ ಕಾಣಬೇಕಿತ್ತು ಅಂತ ಪಕ್ಕದಲ್ಲಿ ಟೈಪ್ ಮಾಡಿ.