ಸತ್ಯಾಂಶ: ಗೃಹಸಾಲ ಕಂಪನಿಯ ಠೇವಣಿಗೆ ಸರ್ಕಾರ ಹೊಣೆಯೇ?

ಮೈಸೂರು, ಮಂಡ್ಯದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ಸಂದೇಶ ಆಗಾಗ ತಲೆ ಎತ್ತುತ್ತದೆ: ಗೃಹಸಾಲ ಕಂಪನಿಗಳು ರಿಸರ್ವ್ ಬ್ಯಾಂಕಿನ ಅಧೀನದಲ್ಲಿವೆ, ಆದ್ದರಿಂದ ಅಲ್ಲಿಟ್ಟ ಠೇವಣಿಗೆ ಸರ್ಕಾರದ ಖಾತರಿಯಿದೆ. ಮೊದಲರ್ಧ ಸರಿ, 2019ರ ಆಗಸ್ಟ್‌ನಿಂದ ಅವುಗಳ ನಿಯಂತ್ರಣ ರಿಸರ್ವ್ ಬ್ಯಾಂಕಿನದೇ. ಉಳಿದರ್ಧ ತಪ್ಪು.

ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ ಹಣ ಕೊಡುವ 5 ಲಕ್ಷ ರೂಪಾಯಿವರೆಗಿನ ವಿಮೆ ಇರುವುದು ಬ್ಯಾಂಕ್ ಠೇವಣಿಗೆ. ಅದೂ ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಎರಡೂ ಸೇರಿ. ದೇವರಾಜ ಅರಸು ರಸ್ತೆಯ ಶಾಖೆಯಲ್ಲಿ ಅರ್ಧ, ಮಂಡ್ಯದ ಶಾಖೆಯಲ್ಲಿ ಅರ್ಧ ಇಟ್ಟರೂ ಮಿತಿ ಹಿಗ್ಗುವುದಿಲ್ಲ. ಗೃಹಸಾಲ ಕಂಪನಿಯ ಠೇವಣಿಯಂತೂ ಈ ವಿಮೆಯಿಂದ ಪೂರ್ತಿ ಹೊರಗೆ. ಆ ಕಂಪನಿಯನ್ನು ಹುಟ್ಟುಹಾಕಿದ್ದು ಸರ್ಕಾರಿ ಬ್ಯಾಂಕೇ ಆಗಿದ್ದರೂ ಅಷ್ಟೇ.

ಸಂದೇಶ ಕಳುಹಿಸುವವರು ಬಹುತೇಕ ಹಿತಚಿಂತಕರೇ. ನಿವೃತ್ತಿಯ ಹಣಕ್ಕೆ ತುಸು ಹೆಚ್ಚು ಬಡ್ಡಿ ಸಿಗಲಿ ಎಂಬ ಆಸೆಯೂ ಸಹಜ. ಆದರೆ ಸಹಿ ಹಾಕುವ ಮುನ್ನ ಠೇವಣಿಯ ಅರ್ಜಿ ನಮೂನೆಯನ್ನು ಕೊನೆಯವರೆಗೂ ಓದಿ. ಹಣದ ಮರುಪಾವತಿಗೆ ರಿಸರ್ವ್ ಬ್ಯಾಂಕ್ ಹೊಣೆಯಲ್ಲ ಎಂಬ ಒಕ್ಕಣೆಯನ್ನು ಕಂಪನಿಯೇ ಅಚ್ಚು ಹಾಕಿಸಿರುತ್ತದೆ. ವಿಮೆಯುಳ್ಳ ಬ್ಯಾಂಕುಗಳ ಪಟ್ಟಿ, ಈ ವಿಮೆ ನೀಡುವ ಠೇವಣಿ ವಿಮಾ ನಿಗಮದ (ಡಿಐಸಿಜಿಸಿ) ಜಾಲತಾಣದಲ್ಲಿ ಸಿಗುತ್ತದೆ. ಠೇವಣಿ ಪಡೆಯಲು ಕಂಪನಿಗೆ ಅನುಮತಿ ಇದೆಯೇ ಎಂಬುದನ್ನು ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ನೋಡಬಹುದು.